ಮರಳೊಳಗಿನ ಸವಿನೀರು

ಅರಬ್ಬೀ ಸಮುದ್ರಕ್ಕೆ ಉಪ್ಪು ಬೆರೆಸಿದವನು ನಾನೇ, ಮೊದಲು ಅದು ಎಳನೀರಿನಂತಿತ್ತು, ಬೆಳಿಗ್ಗೆ ನಮ್ಮ ನೇಕಾರ ಓಣಿಯವರ ಮೆಟಡಾರ್ ಗೋವಾಕ್ಕೆಂದು ವಡಗಾವಿ ಬಿಡುವಾಗ ಹೀಗೆಂದೆ, ಎಲ್ಲರೂ ನಕ್ಕರು, ಮುದುಕಿ ಬಸವಣ್ಣೆವ್ವ ನಗಲಿಲ್ಲ — ಈಗಲೂ ಇಲ್ಲ, ಕಿಟಕಿಯಾಚೆ ಖಾನಾಪುರದ ಕಾಡು ಓಡುತ್ತಿದೆ, ಅವಳ ಎಡ ಅಂಗೈ ಮಡಿಲಲ್ಲಿ ಖಾಲಿ ತೆರೆದುಕೊಂಡಿದೆ, ನೋಡಬಾರದು ಅತ್ತ, ಹೋದ ವಾರ ಮಗ್ಗದ ಕುಣಿಯಲ್ಲಿ ಕೂತು ಹೇಳಿದ್ದು ಇಷ್ಟೇ, ಎವ್ವಾ, ಗೋವಾದ ಮರಳ ದಿಬ್ಬದಾಗ ಮೊಣಕೈಮಟ ಅಗದ್ನಿ, ನೀರ ಚಿಮ್ಮಿ ನನ್ನ ರುಮಾಲ ಹಾರಿಸ್ಕೊಂಡು ಹೋತು, ಸಕ್ಕರಿ ಹಂಗ ಸವಿ — ಮುದುಕಿ ಅದನ್ನೇ ಹರಕೆ ಮಾಡಿಕೊಂಡಳು, ಇವತ್ತು ಅಂಗೈಯ ಇಷ್ಟಲಿಂಗಕ್ಕೆ ಆ ನೀರೇ, ಪೂಜೆಯಾಗದೆ ಬಾಯಿಗೆ ಹನಿ ನೀರೂ ಇಲ್ಲ. ಹಲಸಿಯ ಗುಡಿಯಲ್ಲಿ ಎಲ್ಲರೂ ಬುತ್ತಿ ಬಿಚ್ಚಿದಾಗ ಅವಳೊಬ್ಬಳು ಕಂಬಕ್ಕೆ ಒರಗಿ ಕೂತಿದ್ದಳು, ಈ ಕಂಬ ನಮ್ಮ ಮುತ್ಯಾ ಹೆಗಲ ಮ್ಯಾಲ ಹೊತ್ತು ತಂದಿದ್ದು ಎಂದೆ, ಪಕ್ಕದ ಮಗ್ಗದ ಗುರುಪುತ್ರಪ್ಪ ರೊಟ್ಟಿ ಮುರಿಯುತ್ತಾ, ನಿಮ್ಮ ಮುತ್ಯಾ ಲಾಳಿ ಎತ್ತಾಕ ತೇಕತಿದ್ದನಲ್ಲೋ ಉಳವಪ್ಪಾ, ನಗು, ಆ ನಗುವಿನ ನಡುವೆ ಅವಳ ಕಿವಿಯ ಹತ್ತಿರ ಬಾಗಿದೆ, ಕೊಡದಾಗ ಮನಿ ನೀರ ಐತಿ ಎವ್ವಾ, ಪೂಜಿ ಮುಗಿಸಿ ಉಣ್ಣು — ಬ್ಯಾಡೋ ತಮ್ಮಾ, ನೀ ಅಂದ ನೀರ ಸಿಗತೈತಲ್ಲ, ಅಲ್ಲೀಮಟ ತಡಿತೀನಿ. ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ, ಘಟ್ಟದಲ್ಲಿ ಎಂಜಿನ್ ಕಾದು ಹೊಗೆ ಎದ್ದಾಗ ಆ ಕೊಡವನ್ನೂ ನಾನೇ ಎತ್ತಿಕೊಟ್ಟೆ, ಸುರೀ ಬೀರಣ್ಣಾ, ಮುಂದ ಸವಿನೀರಿನ ಖಣೀನ ಐತಿ, ಬೀರಣ್ಣ ಸುರಿದು ಸ್ಟೇರಿಂಗ್ ಹಿಡಿದ, ಕೆಳಗಿಳಿದ ಮೇಲೆ ಕೇಳಿದ, ಎಡಕ್ಕೇನ್ರೀ ಬಲಕ್ಕೇನ್ರೀ, ನಾನು ಗಾಳಿ ಮೂಸಿ ಬಲ ಎಂದೆ, ಊರಿಗೇ ದಾರಿ ತೋರುವವನ ಗತ್ತಿನಲ್ಲಿ, ಎರಡು ಸಲ ತಪ್ಪಿ ಮೂರನೆಯ ಸಲ ಕಡಲು ಕಂಡಿತು, ರವಿವಾರ ಪೇಟೆಯ ಅಷ್ಟೂ ಅಂಗಡಿಗಳ ನೀಲಿ ಸೀರೆಗಳನ್ನು ಒಟ್ಟಿಗೆ ಬಿಚ್ಚಿ ಹಾಸಿದ ಹಾಗೆ, ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಬಾಗಿದೆ, ಯಾರೂ ಗಮನಿಸಲಿಲ್ಲ.

ತೆಗೆಯುತ್ತೇನೆ, ತೆಗೆದೇ ಏಳುತ್ತೇನೆ, ದಿಬ್ಬದ ಹಿಂದೆ ಮಂಡಿಯೂರಿ ಅಗೆಯುತ್ತಿದ್ದೇನೆ, ಮರಳು ತೋಡಿದಷ್ಟೂ ಜಾರಿ ತುಂಬುತ್ತದೆ, ಉಗುರಿನ ಸಂದಿಯಲ್ಲಿ ಉರಿ, ಮೊಣಕೈ ಮುಳುಗಿತು, ತೋಳು ಮುಳುಗಿತು, ರುಮಾಲ ಹಿಡ್ಕೋ, ಹಾರಿ ಹೋದೀತು ಎಂದ ಗುರುಪುತ್ರಪ್ಪ, ನಾನು ತಲೆ ಎತ್ತುವುದಿಲ್ಲ, ಬೆರಳಿಗೆ ತಣ್ಣಗೆ — ನೀರು, ಖರೇ ನೀರು, ನನ್ನ ಸುಳ್ಳು ನೆಲದಿಂದ ಜಿನುಗುತ್ತಿದೆ. ಬಸವಣ್ಣೆವ್ವ ಕೂತಳು, ಕೊರಳಿನ ಕರಡಿಗೆ ಬಿಚ್ಚಿದಳು, ಲಿಂಗವನ್ನು ಎಡ ಅಂಗೈ ಮೇಲಿಟ್ಟಳು. ನೀನ ನೋಡಿ ಹೇಳೋ ತಮ್ಮಾ, ಪೂಜಿ ಆಗದ ನಾ ಬಾಯಾಗ ಹಾಕೂ ಹಂಗಿಲ್ಲ, ಸವಿ ಐತೇನು. ಬೊಗಸೆ ಎತ್ತಿ ಕುಡಿದೆ, ಉಪ್ಪು, ನಾಲಿಗೆ ಸುಡುವ ಉಪ್ಪು, ಸವಿ ಅಂದರೆ ಮುಗಿಯಿತು, ನಂಬುತ್ತಾಳೆ, ಒಂದೇ ಮಾತು, ಇಂಥವು ಸಾವಿರ ಆಡಿದ್ದೇನೆ, ಆಡಿದರೆ ಈ ಉಪ್ಪುನೀರು ಆ ಲಿಂಗದ ಮೇಲೆ — ಮುಖ ತಾನೇ ಕಿವುಚಿಕೊಂಡಿತು, ಗುರುಪುತ್ರಪ್ಪ ಅದನ್ನು ಕಂಡ, ನಗಲಿಲ್ಲ, ಕೇಳಿದ, ನೀ ಇಲ್ಲಿಗೆ ಯಾವಾಗ ಬಂದಿದ್ದೆಲೇ. ಉಪ್ಪ ಐತಿ ಎವ್ವಾ, ಎಂದೆ. ನಾ ಎಂದೂ ಬಂದಿಲ್ಲ, ಸಮುದ್ರ ನೋಡಿದ್ದ ಇವತ್ತ. ಮತ್ತ ಕೊಡದಾಗಿನ ನೀರ ಎಂದಳು, ಬೀರಣ್ಣ ಎಂಜಿನ್ ಕಡೆ ನೋಡಿದ, ನಾನು ಖಾಲಿ ಕೊಡ ಎತ್ತಿಕೊಂಡೆ, ತೆಂಗುಗಳಾಚೆ ಎಲ್ಲೋ ಮನೆಗಳಿವೆ, ಬಾವಿ ಇದ್ದೇ ಇರುತ್ತದೆ, ತಂದೇ ತರುತ್ತೇನೆ, ಓಡುತ್ತಿದ್ದೇನೆ, ಮರಳು ಕಾಲು ಹಿಡಿಯುತ್ತದೆ, ಹಿಂದಿರುಗಿ ನೋಡಬಾರದು, ನೋಡಿದೆ, ಅವಳು ಲಿಂಗವನ್ನು ಕರಡಿಗೆಗೆ ಹಾಕಿಲ್ಲ, ಹಾಗೇ ಹಿಡಿದು ಕೂತಿದ್ದಾಳೆ, ಆ ಎಡ ಅಂಗೈ, ತೆರೆದ ಅಂಗೈ, ಒಣ ಅಂಗೈ