ಬ್ಯಾಟರಿ ಪಕ್ಕ ನಿಲ್ಲುವವರು

"ಕಳ್ಳನ ನಾದಿನಿ ನೀನೇ ತಾನೇ?"

ಆಫೀಸಿನ ಗೇಟಿನ ಸೆಕ್ಯುರಿಟಿಯವನಿಗೆ ಉತ್ತರ ಬೇಕಿರಲಿಲ್ಲ. ನನ್ನ ಊಟದ ಡಬ್ಬಿ ಆಗಲೇ ಅವನ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಜೇಬಿನ ಪೆನ್ನು ತೆಗೆದು, ಅದರ ಹಿಂಬದಿಯಿಂದ ಅನ್ನ ಕೆದಕಿದ. ತಳದವರೆಗೂ ಕೆದಕಿ ನೋಡಿದ.

"ಅದರಲ್ಲೇನು ಸಿಗುತ್ತೆ ಅಣ್ಣ?"

"ನಿನ್ನ ಭಾವ ಬ್ಯಾಟರಿಗಳನ್ನೇ ನುಂಗಿದಾನಂತೆ. ನೀನು ಬೋಲ್ಟು ನುಂಗಲ್ಲ ಅಂತ ಏನು ಗ್ಯಾರಂಟಿ?"

"ಒಳಗೆ ಹೋಗ್ತಾ ಯಾರಾದ್ರೂ ಬೋಲ್ಟು ಕದ್ಕೊಂಡು ಹೋಗ್ತಾರಾ? ಬರೋವಾಗ ನೋಡು."

"ಬಾಯಿ ಜಾಸ್ತಿ ಆಯ್ತು. ನೋಡದಿದ್ರೆ ನನ್ನನ್ನ ಮನೆಗೆ ಕಳಿಸ್ತಾರೆ ಕಣಮ್ಮ, ನಡಿ." ಪೆನ್ನನ್ನು ನನ್ನ ಡಬ್ಬಿಯ ಬಟ್ಟೆಗೇ ಒರೆಸಿ ಜೇಬಿಗೆ ಸಿಕ್ಕಿಸಿಕೊಂಡ.

ನನ್ನ ಹಿಂದೆ ನಿಂತಿದ್ದ ಮೋಟಣ್ಣ ಬೇರೆ ಕಡೆ ನೋಡಿ ಕೆಮ್ಮಿದ. ಅವನ ಹಿಂದಿದ್ದ ಹೊಸಬ ನಕ್ಕ. ನಕ್ಕಿದ್ದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ.

ನಮ್ಮದು ಬ್ಯಾಟರಿ ಬದಲಿಸುವ ಕೆಲಸ. ಕರೆಂಟು ಹೋದಾಗ ಆಫೀಸಿನ ಕಂಪ್ಯೂಟರುಗಳು ಆರದಂತೆ ಹಿಡಿದು ನಿಲ್ಲಿಸುವ ಯುಪಿಎಸ್ ಇರುತ್ತದಲ್ಲ, ಅದರ ಹೊಟ್ಟೆಯೇ ಈ ಬ್ಯಾಟರಿಗಳು. ದೊಡ್ಡ ಆಫೀಸಾದರೆ ಅವುಗಳಿಗೇ ಒಂದು ಕೋಣೆ, ಕಬ್ಬಿಣದ ಅಟ್ಟಣೆಗಳ ತುಂಬ ಸಾಲುಸಾಲು. ಒಂದರಿಂದ ಇನ್ನೊಂದಕ್ಕೆ ತಾಮ್ರದ ಪಟ್ಟಿ ಬಿಗಿದು ಇಡೀ ಸಾಲನ್ನು ಒಂದು ಮಾಡುತ್ತೇವೆ. ಕೆಲವು ವರ್ಷಕ್ಕೆ ಹೊಟ್ಟೆ ಉಬ್ಬಿಕೊಂಡು ಕೆಡುತ್ತವೆ. ಆಗ ಹಳೆಯದನ್ನು ಇಳಿಸಬೇಕು, ಹೊಸದನ್ನು ಏರಿಸಬೇಕು. ಹೊರುವುದು ಮೋಟಣ್ಣ, ಕುಳ್ಳಗಿದ್ದರೂ ಮಗುವನ್ನು ಎತ್ತಿದಂತೆ ಎದೆಗವಚಿ ಎತ್ತುತ್ತಾನೆ. ಒರೆಸಿ, ಟರ್ಮಿನಲ್ಲಿಗೆ ತುಕ್ಕು ಹಿಡಿಯದಂತೆ ಜೆಲ್ಲಿ ಹಚ್ಚುವುದು ನಾನು. ಸ್ಪ್ಯಾನರ್ ಹಿಡಿದು ಬಿಗಿಯುತ್ತಿದ್ದವನು ನನ್ನ ಭಾವ, ಅಕ್ಕನ ಗಂಡ. ಈಗ ಅವನು ಜೈಲಿನಲ್ಲಿದ್ದಾನೆ.

ಕೆಲಸ ಮುಗಿದ ಮೇಲೆ ನಮ್ಮ ಕಂಟ್ರಾಕ್ಟರಿಗೆ ಒಂದು ಫೋಟೊ ಕಳಿಸಬೇಕು. ಹೊಸ ಬ್ಯಾಟರಿಗಳ ಮುಂದೆ, ಒಂದರ ಮೇಲೆ ಕೈ ಇಟ್ಟು, ಕೆಲಸ ಮಾಡಿದವನು ನಿಲ್ಲಬೇಕು. ಮುಖ ಕಾಣಬೇಕು. ಯಾವಾಗಲೂ ಭಾವನೇ ನಿಲ್ಲುತ್ತಿದ್ದ. ಒಂದು ಆಫೀಸಿನಲ್ಲಿ ಕರೆಂಟು ಹೋದಾಗ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಆರಿಹೋದವು. ಬಿಚ್ಚಿ ನೋಡಿದರೆ ಹೊಸದರ ಜಾಗದಲ್ಲಿ ಸತ್ತ ಬ್ಯಾಟರಿಗಳು. ಕಂಟ್ರಾಕ್ಟರು ಫೋಟೊ ತೋರಿಸಿದ. ಇವನೇ ಹಾಕಿದ್ದು, ಹೊಸದನ್ನು ಮಾರಿಕೊಂಡು ಹಳೆಯದನ್ನು ತುರುಕಿದ್ದಾನೆ ಎಂದ. ಪೊಲೀಸರು ನಮ್ಮ ಮನೆಗೂ ಬಂದು ಮಂಚದ ಕೆಳಗೆಲ್ಲ ಟಾರ್ಚು ಬಿಟ್ಟರು. ಮಂಚದ ಕೆಳಗೆ ನನ್ನ ಮಗಳ ಶೂ ಇತ್ತು.

ಅಂದಿನಿಂದ ಅಕ್ಕ ನಮ್ಮ ಮನೆಯಲ್ಲಿದ್ದಾಳೆ. ಓಣಿಯವರು ನಮ್ಮ ನಲ್ಲಿಯ ಹತ್ತಿರ ಬರುವುದಿಲ್ಲ. ಬಂದವನು ಮೋಟಣ್ಣ ಒಬ್ಬನೇ. ಬಾಳೆಹಣ್ಣು ತಂದು, ನಮ್ಮ ಮನೆಯ ಒಂದೇ ಕುರ್ಚಿಯಲ್ಲಿ ಕೂತು, ಅಕ್ಕ ಅಳುವುದನ್ನು ಕೇಳಿಸಿಕೊಂಡು ಹೋಗಿದ್ದ.

ಭಾವನ ಜಾಗಕ್ಕೆ ಹೊಸಬ ಬಂದ. ಮೂವತ್ತು ದಾಟಿದ ಗಂಡಸು. ಕಂಟ್ರಾಕ್ಟರ ಕಡೆಯ ಸೂಪರ್‌ವೈಸರ್ ತಾನೇ ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಕರೆತಂದಿದ್ದ. ನಮ್ಮಂಥವರನ್ನು ಯಾವ ಸೂಪರ್‌ವೈಸರ್ ಬೈಕಿನಲ್ಲಿ ಕೂರಿಸುತ್ತಾನೆ? ಹೊಸಬ ಇದ್ದಾಗ ನಾನು ಭಾವನ ಹೆಸರು ಎತ್ತುತ್ತಿರಲಿಲ್ಲ.

*

ಆ ದಿನದ ಕೋಣೆ ನೆಲದಡಿಯಲ್ಲಿತ್ತು. ಕಿಟಕಿಯಿಲ್ಲ. ಗಾಳಿ ಹೊರಗೆ ಎಳೆಯುವ ಫ್ಯಾನೊಂದು ಗೊರಗೊರ ಎನ್ನುತ್ತಿತ್ತು. ಹಳೆಯ ಸಾಲುಗಳನ್ನು ಇಳಿಸುವಷ್ಟರಲ್ಲಿ ಮೋಟಣ್ಣನ ಅಂಗಿ ಮೈಗೆ ಅಂಟಿತ್ತು. ಮೇಲೆ ಅಷ್ಟೂ ಕಂಪ್ಯೂಟರುಗಳು ಬರೀ ಲೈನ್ ಕರೆಂಟಿನ ಮೇಲೆ ನಿಂತಿದ್ದವು. ನಾವು ಮುಗಿಸುವವರೆಗೆ ಅವಕ್ಕೆ ಬೇರೆ ದಿಕ್ಕಿಲ್ಲ.

ಆಫೀಸಿನ ಮ್ಯಾನೇಜರ್ ಮೇಡಂ ಸೂಪರ್‌ವೈಸರನ ಜೊತೆ ಮೆಟ್ಟಿಲ ತಿರುವಿನವರೆಗೆ ಬಂದು, ಮೂಗಿಗೆ ಕರವಸ್ತ್ರ ಹಿಡಿದು ನಿಂತರು.

"ಇವರಲ್ಲಿ ಒಬ್ಬ ಮೇಲಿನ ಕುಡಿಯೋ ನೀರಿನ ಮಷೀನ್ ಮುಟ್ಟಿದಾನೆ. ನಲ್ಲಿ ಮೇಲೆಲ್ಲ ಕಪ್ಪು ಬೆರಳು."

"ಯಾರೋ ಅದು?" ಸೂಪರ್‌ವೈಸರ್ ನಮ್ಮ ಕಡೆ ತಿರುಗಿದ.

"ನಾನೇ ಸಾರ್," ಎಂದ ಮೋಟಣ್ಣ. "ಬಾಯಿ ಒಣಗಿತ್ತು."

"ಬಾಯಿ ಒಣಗಿದ್ರೆ ಕಕ್ಕಸಲ್ಲಿ ನಲ್ಲಿ ಇಲ್ವೇನೋ, ಬೋಳಿಮಗನೆ? ಆಸಿಡ್ ಕೈಯಲ್ಲಿ ಅವರು ಕುಡಿಯೋ ನೀರು ಮುಟ್ತೀಯಾ? ಮೇಡಂಗೆ ಕೈ ಮುಗಿ."

ಮೋಟಣ್ಣ ಎತ್ತಿದ್ದ ಬ್ಯಾಟರಿಯನ್ನು ಇಳಿಸಿ ಕೈ ಮುಗಿದ. ಮೇಡಂ ಅಷ್ಟರಲ್ಲಿ ಬೆನ್ನು ತಿರುಗಿಸಿದ್ದರು. ಸೂಪರ್‌ವೈಸರ್ ಅವರ ಹಿಂದೆಯೇ ಮೆಟ್ಟಿಲು ಹತ್ತುತ್ತ, "ಸಂಜೆಯೊಳಗೆ ಫೋಟೊ ಹೋಗ್ಬೇಕು," ಎಂದು ನಮಗೆ ಕೂಗಿದ.

"ಅಣ್ಣನ ಕೈಯಲ್ಲಿ ಆಸಿಡ್ ಎಲ್ಲಿದೆ?" ಎಂದ ಹೊಸಬ, ಬೋಲ್ಟು ತಿರುಗಿಸುತ್ತ. "ಬರೀ ಬೆವರು."

ಬಾಯಿ ಬಿಡಿಸಲು ಹೀಗೆ ಮಾತು ತೆಗೆಯುತ್ತಾನೆ ಎಂದುಕೊಂಡು ಒರೆಸುವ ಬಟ್ಟೆ ಕೈಗೆತ್ತಿಕೊಂಡೆ.

ಹೊಸ ಬ್ಯಾಟರಿಗಳು ಹೊಳೆಯುವ ಡಬ್ಬದಲ್ಲಿ ಬಂದಿದ್ದವು, ಮೇಲೆ ಹೊಳೆಯುವ ಸ್ಟಿಕ್ಕರು. ಕೆಳಗಿನ ಸಾಲು ಕೂರಿಸಿ ಪಟ್ಟಿ ಬಿಗಿದಾಗಿತ್ತು. ಮೇಲಿನ ಸಾಲಿನದೊಂದರ ಕೆಂಪು ಟೋಪಿ ತೆಗೆದು ಬಟ್ಟೆಯಿಂದ ಒರೆಸುವಾಗ ಟರ್ಮಿನಲ್ಲಿನ ಬುಡದ ಸಂದಿಯಲ್ಲಿ ಬೆರಳಿಗೆ ಜಿಡ್ಡು ಹತ್ತಿತು. ಬೆಳಕಿಗೆ ಹಿಡಿದು ನೋಡಿದೆ. ಜೆಲ್ಲಿ, ಧೂಳು ಕೂತು ಕಪ್ಪಾದದ್ದು.

ಜೆಲ್ಲಿ ಹಚ್ಚುವುದು ನಾನು. ನಾನು ಇನ್ನೂ ಆ ಸಾಲಿಗೆ ಹಚ್ಚಿರಲಿಲ್ಲ.

ಪಕ್ಕದ್ದು ತೆಗೆದೆ. ಅದರಲ್ಲೂ ಇತ್ತು. ಅದರಾಚೆಯದು ಚೊಕ್ಕಟವಾಗಿತ್ತು, ಯಾರೋ ಕಡ್ಡಿ ಹಾಕಿ ನಿಧಾನವಾಗಿ ತೆಗೆದಿದ್ದರು. ಇವು ಹೊಸವಲ್ಲ, ಎಲ್ಲೋ ಒಮ್ಮೆ ಕೂರಿಸಿ ಬಿಚ್ಚಿದವು. ಭಾವನನ್ನು ನುಂಗಿದ್ದು ಇದೇ.

ಹೊಸಬ ಮೂತ್ರಕ್ಕೆಂದು ಹೊರಗೆ ಹೋದದ್ದೇ ಮೋಟಣ್ಣನ ಹತ್ತಿರ ಹೋಗಿ ಜಿಡ್ಡಿನ ಬೆರಳು ತೋರಿಸಿದೆ.

"ಅಣ್ಣ, ಇದೇನು ನೋಡು."

ಅವನು ನೋಡಿದ. ಬಾಗಿಲ ಕಡೆ ನೋಡಿದ. "ಕಾರ್ಖಾನೇಲೇ ಹಚ್ಚಿರ್ತಾರೆ."

"ಯಾವ ಕಾರ್ಖಾನೇಲಿ ಧೂಳು ಸಮೇತ ಹಚ್ತಾರೆ?"

"ನಿಂಗ್ಯಾಕೆ ಅದೆಲ್ಲ? ಒರೆಸು, ಹಚ್ಚು, ಮನೆಗೆ ನಡಿ."

ಅವನು ಅಷ್ಟು ಬೇಗ ಉತ್ತರ ಕೊಡುವ ಮನುಷ್ಯನಲ್ಲ. ಹೊತ್ತು ಹೊತ್ತು ಮಾತೂ ಭಾರವಾದವನು. ಏನು ಕೇಳಿದರೂ ಒಂದು ಉಸಿರು ಬಿಟ್ಟು ಹೇಳುತ್ತಾನೆ. ಆಗ ಅವನ ಕೈ ನೋಡಿದೆ. ಉಗುರ ಸಂದಿಯಲ್ಲಿ ಬಿಳಿ ಅಂಟು ಒಣಗಿ ಕೂತಿತ್ತು.

"ರಜಾ ದಿನ ಕಂಟ್ರಾಕ್ಟರ್ ಗೋಡೌನಿಗೆ ಹೋಗ್ತೀನಿ ಅಂತೀಯಲ್ಲ. ಅಲ್ಲೇನು ಕೆಲಸ ನಿಂಗೆ?"

"ಒರೆಸೋದು."

"ಏನು?"

"ವಾಪಸ್ ಬಂದ ಮಾಲು."

"ಒರೆಸಿ?"

"ಚಾರ್ಜಿಗೆ ಹಾಕೋದು."

"ಆಮೇಲೆ?"

ಈ ಸಲ ಒಂದು ಉಸಿರು ಬಿಟ್ಟ. "ಹೊಸ ಸ್ಟಿಕ್ಕರ್."

ಫ್ಯಾನು ಗೊರಗೊರ ಎನ್ನುತ್ತಲೇ ಇತ್ತು.

"ಭಾವ ಫೋಟೊಗೆ ನಿಂತನಲ್ಲ, ಆವತ್ತು ನಿಂಗೆ ಗೊತ್ತಿತ್ತಾ?"

"ಮಗಳಿಗೆ ಆಪರೇಶನ್ ಇತ್ತಮ್ಮ ಆಗ."

"ನಂಗೂ ಮಗಳಿದಾಳೆ. ಗೊತ್ತಿತ್ತಾ, ಇಲ್ವಾ, ಅಷ್ಟು ಹೇಳು."

"ಗೊತ್ತಿತ್ತು ಕಣಮ್ಮ."

ನಮ್ಮ ಕುರ್ಚಿಯಲ್ಲಿ ಕೂತಿದ್ದವನು. ಬಾಳೆಹಣ್ಣಿನ ಚಿಪ್ಪನ್ನು ನನ್ನ ಮಗಳ ಕೈಗೇ ಕೊಟ್ಟಿದ್ದವನು. ಬಾಯಿಗೆ ಬಂದ ಬೈಗುಳ ಅರ್ಧಕ್ಕೇ ನಿಂತಿತು, ಹೊಸಬ ಬಾಗಿಲಲ್ಲಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ತಿಳಿಯಲಿಲ್ಲ.

*

ಊಟದ ಹೊತ್ತು ಕಳೆದ ಮೇಲೆ ಸೂಪರ್‌ವೈಸರ್ ಇಳಿದುಬಂದ. ಅಷ್ಟರಲ್ಲಿ ಕೊನೆಯ ಪಟ್ಟಿಯೂ ಬಿಗಿದಾಗಿತ್ತು. ಸ್ವಿಚ್ಚು ಏರಿಸುವುದು ಮಾತ್ರ ಬಾಕಿ. ಮೊದಲು ಫೋಟೊ, ಆಮೇಲೆ ಸ್ವಿಚ್ಚು, ಅದು ಅವನ ಕ್ರಮ.

"ಇವತ್ತು ನೀನು ನಿಲ್ಲು," ಎಂದ ನನಗೆ.

"ನಾನ್ಯಾಕೆ ಸಾರ್? ಸ್ಪ್ಯಾನರ್ ಹಿಡಿದೋರು ನಿಲ್ಲೋದಲ್ವಾ?"

"ಹೆಂಗಸೂ ಈ ಕೆಲಸ ಮಾಡ್ತಾಳೆ ಅಂದ್ರೆ ಕಂಪನಿಗೊಂದು ಮರ್ಯಾದೆ. ಸೆರಗು ಸರಿ ಮಾಡ್ಕೊ, ನಿಲ್ಲು."

ಇಷ್ಟು ವರ್ಷ ನನ್ನನ್ನು ಹೆಂಗಸು ಎಂದು ಅವನು ನೆನೆದದ್ದು ಕೂಲಿ ಕಡಿಮೆ ಕೊಡುವಾಗ ಮಾತ್ರ. ಅವನ ಲೆಕ್ಕ ನನಗೆ ತಿಳಿಯಿತು. ಕಳ್ಳನ ನಾದಿನಿ. ನಾಳೆ ಈ ಬ್ಯಾಟರಿಗಳು ಸತ್ತರೆ ಸಾಕ್ಷಿಯನ್ನೂ ಹುಡುಕಬೇಕಾಗಿಲ್ಲ.

"ನಾನು ನಿಲ್ಲಲ್ಲ ಸಾರ್."

"ಯಾಕೆ, ಪೌಡರ್ ಹಚ್ಕೋಬೇಕಾ?"

"ನೀವೇ ನಿಲ್ಲಿ. ಮಾಲು ನಿಮ್ದೇ ಅಲ್ವಾ?"

ಸೂಪರ್‌ವೈಸರ್ ಫೋನು ಇಳಿಸಿದ. ಮೊದಲು ಮೋಟಣ್ಣನ ಮುಖ ನೋಡಿದ, ಆಮೇಲೆ ನನ್ನದು. ಮೋಟಣ್ಣ ಖಾಲಿ ಡಬ್ಬದ ಮೇಲೆ ಕೂತು ನೆಲ ನೋಡುತ್ತಿದ್ದ.

"ಲೇ, ಮುಂಡೆ," ಎಂದ ಸೂಪರ್‌ವೈಸರ್, ದನಿ ಏರಿಸದೆ. "ನಿನ್ನ ಭಾವ ಒಳಗೆ ಕೂತು ಇನ್ನೂ ಯಾರ ಹೆಸರೂ ಹೇಳಿಲ್ಲ. ಅವನ ಜೊತೆ ಇದ್ದೋಳು ನೀನು ಅಂತ ನಾನು ಹೇಳಿದ್ರೆ, ನಿನ್ನ ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋರು ಯಾರು?"

ಮಗಳು ಹೊಸಿಲ ಮೇಲೆ ಬ್ಯಾಗು ಇಟ್ಟುಕೊಂಡು, ದೊಡ್ಡಮ್ಮನ ಕೈಯಲ್ಲಿ ಜಡೆ ಹಾಕಿಸಿಕೊಳ್ಳುತ್ತಿದ್ದುದು ಕಣ್ಣಿಗೆ ಬಂತು.

"ನಾನು ನಿಲ್ಲಲಾ ಸಾರ್?"

ಹೊಸಬ. ಆಗಲೇ ಕೈ ಒರೆಸಿಕೊಳ್ಳುತ್ತಿದ್ದ.

"ನೋಡು, ಇವನು ಮನುಷ್ಯ. ಬಾರೋ."

ಅವನು ಬೆರಳಿಗೆ ಉಗುಳು ಹಚ್ಚಿ ಹುಬ್ಬು ತೀಡಿಕೊಂಡ, ಕೂದಲು ಬಾಚಿಕೊಂಡ. "ಒಂದು ನನ್ನ ಫೋನಿಗೂ ಕಳ್ಸಿ ಸಾರ್. ನಾನೆಲ್ಲೋ ಮೂಟೆ ಹೊರ್ತಿದೀನಿ ಅಂದ್ಕೊಂಡಿದಾಳೆ ಅಮ್ಮ. ಮಷೀನ್ ಹತ್ರ ಕೆಲಸ ಅಂದ್ರೆ ನಂಬಲ್ಲ." ಅಟ್ಟಣೆಯ ಮುಂದೆ ಹೋಗಿ, ಒಂದು ಬ್ಯಾಟರಿಯ ಮೇಲೆ ಕೈ ಇಟ್ಟು, ಎದೆ ಮುಂದೆ ಮಾಡಿ ನಿಂತ.

ನಾನು ಸುಮ್ಮನಿದ್ದರೆ ಆಗುತ್ತಿತ್ತು. ಅವನು ಬೈಕಿನಲ್ಲಿ ಬಂದವನು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು ಈಗ ನಾಟಕ ಆಡುತ್ತಿರಬಹುದು, ನನ್ನ ಬಾಯಿಂದ ಹೊರಡಿಸಲು. ಇಲ್ಲವೇ ಏನೂ ಕೇಳಿಸಿಕೊಂಡಿಲ್ಲದೆ ಇರಬಹುದು. ಸೂಪರ್‌ವೈಸರನ ಕಿವಿಯಾದರೆ ಅವನೇ ಅನುಭವಿಸಲಿ. ಅಲ್ಲವಾದರೆ? ಅಲ್ಲವಾದರೂ ನನ್ನ ಮಗಳು ನನಗೆ ಮುಖ್ಯ. ಹಾಗಂದುಕೊಂಡು ತಲೆ ತಗ್ಗಿಸಿದೆ.

"ಸ್ವಲ್ಪ ನಗೋ," ಎಂದ ಸೂಪರ್‌ವೈಸರ್.

ಹೊಸಬ ನಕ್ಕ. ಬೆಳಿಗ್ಗೆ ಗೇಟಿನಲ್ಲಿ ನಕ್ಕಂತಲ್ಲ. ಹಲ್ಲೆಲ್ಲ ಕಾಣುವಂತೆ, ಅಮ್ಮನಿಗೆಂದು.

ಸ್ಟೇಷನ್ನಿನಲ್ಲಿ ಅಕ್ಕನಿಗೆ ಭಾವನ ಫೋಟೊ ತೋರಿಸಿದ್ದರು. ಅವಳು ಮನೆಗೆ ಬಂದು ಹೇಳಿದ್ದು ಒಂದೇ ಮಾತು. "ನಗ್ತಾ ಇದಾನೆ ಕಣೇ. ಕದ್ದೋನು ಹಂಗೆ ನಗ್ತಾನಾ?"

ಎರಡು ಹೆಜ್ಜೆ ಮುಂದೆ ಹೋದದ್ದು ನನಗೆ ತಿಳಿಯಲಿಲ್ಲ. ಜಿಡ್ಡಿನ ಅಂಗೈಯನ್ನು ಸೂಪರ್‌ವೈಸರನ ಫೋನಿನ ಕಣ್ಣಿಗೆ ಒತ್ತಿ ಹಿಡಿದೆ.

"ಅಲ್ಲಿಂದ ಈಚೆ ಬಾ," ಎಂದೆ ಹೊಸಬನಿಗೆ. "ಅವು ಸತ್ತಿರೋ ಬ್ಯಾಟರಿ. ನಿನ್ನ ಜಾಗದಲ್ಲಿ ಮೊದಲಿದ್ದೋನು ನನ್ನ ಭಾವ. ಹಿಂಗೇ ನಿಂತಿದ್ದ, ಹಿಂಗೇ ನಕ್ಕಿದ್ದ."

ಹೊಸಬನ ನಗು ಹಾಗೇ ಇತ್ತು, ಕೈ ಮಾತ್ರ ಬ್ಯಾಟರಿಯ ಮೇಲಿಂದ ಮೆಲ್ಲಗೆ ಎದ್ದಿತು. "ಜೈಲಲ್ಲಿರೋನಾ?" ಎಂದ. "ನನ್ನ ಜಾಗದಲ್ಲಿದ್ದೋನು ಊರು ಬಿಟ್ಟು ಹೋದ ಅಂದ್ರಲ್ಲ ಸಾರ್ ನೀವು?"

ಸೂಪರ್‌ವೈಸರ್ ನನ್ನ ಕೈ ಕಿತ್ತು ಹಾಕಿ ಕೆನ್ನೆಗೆ ಹೊಡೆದ. ಕಿವಿ ಗುಂಯ್ ಎಂದಿತು, ನೆಲಕ್ಕೆ ಬಿದ್ದೆ. ಬಿದ್ದಲ್ಲಿಂದಲೇ, ಹೊಸಬ ಕೆಳಗಿಟ್ಟಿದ್ದ ಸ್ಪ್ಯಾನರ್ ಎತ್ತಿಕೊಂಡೆ. ಶಾಕ್ ಹೊಡೆಯದಂತೆ ಅದಕ್ಕೆ ಸುತ್ತಿದ್ದ ಟೇಪು ಸಡಿಲವಾಗಿತ್ತು. ಹಲ್ಲಿನಿಂದ ಕಚ್ಚಿ ಬಿಗಿಮಾಡಿದೆ. ಎದ್ದು ಹೋಗಿ ಮೊದಲ ಬೋಲ್ಟಿಗೆ ಹಾಕಿ ತಿರುಗಿಸಿದೆ. ತಾಮ್ರದ ಪಟ್ಟಿ ಕಳಚಿ ಬಂತು. ಅದನ್ನು ಅವನ ಬೂಟಿನ ಮುಂದೆ ಎಸೆದೆ.

"ಏನು ಮಾಡ್ತಿದೀಯ? ಮೇಲೆ ಇಡೀ ಆಫೀಸು ನಡೀತಿದೆ ಕಣೇ. ಈಗ ಕರೆಂಟು ಹೋದ್ರೆ?"

"ಹೋಗ್ಲಿ. ಇದನ್ನ ಬಿಗಿದಿಟ್ಟಿದ್ರೂ ಹೋಗೋದೇ."

"ಲೌಡಿ, ಕೈ ಮುರೀತೀನಿ."

ನನ್ನ ಕಡೆ ಬಂದವನ ದಾರಿಗೆ ಹೊಸಬ ಅಡ್ಡವಾದ. ಬೇಕೆಂದೇ ಅಡ್ಡ ಬಂದನೋ, ದಿಕ್ಕು ತೋಚದೆ ನಿಂತನೋ ಹೇಳಲಾರೆ. ಆದರೆ ಸರಿಯಲಿಲ್ಲ. ಸೂಪರ್‌ವೈಸರ್ ಅವನನ್ನು ತಳ್ಳಿದ, ಅವನು ಅಲುಗಲಿಲ್ಲ. ಆಗ ಸೂಪರ್‌ವೈಸರ್ ಮೆಟ್ಟಿಲ ಕಡೆ ಓಡಿ ಮೇಲಕ್ಕೆ ಕೂಗು ಹಾಕಿದ.

"ಸೆಕ್ಯುರಿಟಿ, ಇಲ್ಲಿ ಬ್ಯಾಟರಿ ಕದೀತಿದಾರೆ. ಮೇಡಂ, ಕಳ್ಳರು. ಬೇಗ ಬನ್ನಿ."

ಕೂಗುತ್ತಲೇ ಮೇಲೆ ಹತ್ತಿಹೋದ. ಕೋಣೆಯಲ್ಲಿ ನಾವು ಮೂವರೇ ಉಳಿದೆವು. ಕೆನ್ನೆ ಉರಿಯುತ್ತಿತ್ತು.

"ಅಕ್ಕ," ಎಂದ ಹೊಸಬ. ಇದುವರೆಗೆ ಅವನು ನನ್ನನ್ನು ಏನೆಂದೂ ಕರೆದಿರಲಿಲ್ಲ. "ಕೆಳಗಿನ ಸಾಲಿನದ್ದೂ ಬಿಚ್ಚಬೇಕಾ?"

"ಎಲ್ಲಾನೂ. ಹಳೇ ಮಾಲು ಅಂತ ಬರೋರು ನೋಡ್ಲಿ."

ಅವನು ಚೀಲದಿಂದ ಇನ್ನೊಂದು ಸ್ಪ್ಯಾನರ್ ತೆಗೆದು ಮೊಣಕಾಲೂರಿ ಕೂತ. ಮೇಲೆ ಎಲ್ಲೋ ಬಾಗಿಲು ಬಡಿದ ಸದ್ದಾಯಿತು, ಆಮೇಲೆ ಬೂಟುಗಳು. ಮೆಟ್ಟಿಲು ಇಳಿಯುತ್ತಿದ್ದವು. ಒಬ್ಬನದಲ್ಲ.

ಮೋಟಣ್ಣ ಡಬ್ಬದ ಮೇಲಿಂದ ಎದ್ದ. ನಮ್ಮಿಬ್ಬರ ಮುಖ ನೋಡದೆ ನೇರ ಬಾಗಿಲ ಕಡೆ ನಡೆದು, ಕಬ್ಬಿಣದ ಬಾಗಿಲನ್ನು ಎಳೆದುಕೊಂಡ. ಪೂರ್ತಿ ಮುಚ್ಚಲಿಲ್ಲ. ಒಂದು ಕೈ ಚಿಲಕದ ಮೇಲಿತ್ತು, ಇನ್ನೊಂದು ಬಾಗಿಲ ಅಂಚಿನಲ್ಲಿ. ಚಿಲಕ ಹಾಕಲು ನಿಂತಿದ್ದಾನೋ, ಬರುವವರಿಗೆ ತೆರೆಯಲು ನಿಂತಿದ್ದಾನೋ, ಆ ಬೆನ್ನು ನೋಡಿದರೆ ತಿಳಿಯುವಂತಿರಲಿಲ್ಲ.

ನಾನು ಅವನ ಕೈಯನ್ನೇ ನೋಡುತ್ತ ಮುಂದಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ.