ಅತ್ತೆಯ ಕಣ್ಣಿನ ಪರೀಕ್ಷೆ

ಕನ್ನಡಕದ ಅಂಗಡಿಯವನಿಗೆ ಓದುವ ಚಟ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೌಂಟರಿನ ಹಿಂದೆ ಕೂತು ಓದುತ್ತಿದ್ದ, ಓದಿದ್ದನ್ನೆಲ್ಲ ಫೋನಿನ ಒಂದು ಆ್ಯಪ್‌ನಲ್ಲಿ ಗುರುತು ಹಾಕಿಡುತ್ತಿದ್ದ. ಆದರೆ ಆ ಆ್ಯಪ್‌ನ ಬಾಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ. ಕೂದಲು ಉದುರುವುದರ ಬಗ್ಗೆ ಒಂದು ಪುಸ್ತಕ ತೆರೆದದ್ದೇ ತಡ, ಪರಿಚಯದವರಿಗೆಲ್ಲ ಸುದ್ದಿ ಹೋಯಿತು. ಫೋನಿನ ತುಂಬ ಎಣ್ಣೆಯ ಜಾಹೀರಾತು. ಷಡ್ಡಕ ಫೋನ್ ಮಾಡಿ ಟೋಪಿಯ ಅಳತೆ ಕೇಳಿದ.

ಕೊನೆಗೆ ಹೆಂಡತಿಯ ತಮ್ಮ ಬೇರೊಂದು ಆ್ಯಪ್ ಹಾಕಿಕೊಟ್ಟ.

"ಭಾವ, ಇದು ಪುಕ್ಕಟೆ. ಇದರ ಕೋಡ್ ಹೇಗೆ ಬರೆದಿದಾರೆ ಅಂತ ಯಾರು ಬೇಕಾದ್ರೂ ತೆಗೆದು ನೋಡಬಹುದು. ನೀವು ಏನು ಓದಿದ್ರಿ ಅನ್ನೋದು ಮಾತ್ರ ನಿಮ್ಮ ಫೋನ್ ಬಿಟ್ಟು ಎಲ್ಲೂ ಹೋಗಲ್ಲ. ಹೆಸರು, ನಂಬರು ಏನೂ ಕೇಳಲ್ಲ."

"ಅಬ್ಬ, ಬದುಕಿದೆ ಕಣೋ!"

ಆ ನೆಮ್ಮದಿ ಇದ್ದದ್ದು ದಪ್ಪನೆಯ ಚರಿತ್ರೆಯ ಪುಸ್ತಕವೊಂದು ಮುಗಿಯುವ ತನಕ. ಗುರುತು ಹಾಕಿ ಕಾದ. ಯಾರೂ ಭೇಷ್ ಎನ್ನಲಿಲ್ಲ. ಆ್ಯಪ್ ಕೂಡ ಸಣ್ಣದೊಂದು ಹಸಿರು ಗೆರೆ ಎಳೆದು ತೆಪ್ಪಗಾಯಿತು. ಅಷ್ಟು ದಪ್ಪದ್ದನ್ನು ಓದಿಯೂ ನಾಲ್ಕು ಜನಕ್ಕೆ ಗೊತ್ತಾಗಲಿಲ್ಲವಲ್ಲ ಎಂದು ಅವನಿಗೆ ಊಟ ಸೇರದಾಯಿತು. ಹೆಂಡತಿಗೆ ತೋರಿಸಿದ. "ಒಳ್ಳೇದಾಯ್ತು. ಬಟ್ಟೆ ಒಣಗಿದೆ, ಮಡಚಿಡಿ," ಎಂದಳು.

ದಾರಿ ಹೊಳೆದದ್ದು ಅಂಗಡಿಯಲ್ಲಿ. ಹತ್ತಿರದ ದೃಷ್ಟಿ ಪರೀಕ್ಷಿಸಲು ಸಣ್ಣ ಅಕ್ಷರದ ಕಾರ್ಡೊಂದಿತ್ತು. ಅದನ್ನು ಡ್ರಾಯರಿಗೆ ತಳ್ಳಿದ. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಕೈಗೆ ತನ್ನ ಫೋನನ್ನೇ ಕೊಡತೊಡಗಿದ.

"ಈ ವರ್ಷ... ಓದಿದ ಪುಸ್ತಕ... ನಲವತ್ತೊಂದು."

"ಎಷ್ಟು? ಸ್ವಲ್ಪ ಜೋರಾಗಿ."

"ನಲವತ್ತೊಂದು!"

ಬೆಂಚಿನ ಮೇಲೆ ಕಾಯುತ್ತಿದ್ದವರು ತಲೆಯೆತ್ತಿದರು. "ಪುರಸೊತ್ತೆಲ್ಲಿ, ಹೀಗೇ ಏನೋ ಒಂದಿಷ್ಟು," ಎಂದು ಅವನು ನಾಚಿಕೊಂಡ. ಕಣ್ಣು ಚೆನ್ನಾಗಿರುವವರಿಗೂ ಎರಡೆರಡು ಸಲ ಪರೀಕ್ಷೆ ನಡೆಯಿತು.

ಹೀಗಿರುವಾಗ ಅವನ ಅತ್ತೆ ಕನ್ನಡಕ ಬದಲಿಸಲು ಬಂದರು. ಬೆಂಚು ತುಂಬಿತ್ತು. ಅಭ್ಯಾಸಬಲದಿಂದ ಅವರ ಕೈಗೂ ಫೋನ್ ಕೊಟ್ಟು, ಇನ್ನೊಂದು ಲೆನ್ಸ್ ಹುಡುಕಲು ತಿರುಗಿದ. ಅತ್ತೆ ನಲವತ್ತೊಂದಕ್ಕೆ ನಿಲ್ಲಲಿಲ್ಲ. ಬೆರಳಿನಿಂದ ಸರಿಸುತ್ತ ಗಟ್ಟಿಯಾಗಿ ಓದುತ್ತಲೇ ಹೋದರು.

"'ಹೆಣ್ಣು ಕೊಟ್ಟವರನ್ನು ಸಂಭಾಳಿಸುವ ಕಲೆ.' ಅರ್ಧಕ್ಕೆ ಬಿಟ್ಟದ್ದು. ಕೆಳಗೆ ಇನ್ನೂ ಸಣ್ಣಕ್ಕೆ ಏನೋ ಇದೆ ಅಳಿಯಂದಿರೇ, ತಾಳಿ. 'ಸ್ವಂತ ಟಿಪ್ಪಣಿ: ಇದನ್ನು ಬರೆದವರು ನಮ್ಮ ಅತ್ತೆಯನ್ನು ನೋಡಿಲ್ಲ.'"

ಬೆಂಚಿನಲ್ಲಿ ಯಾರೋ ಕೆಮ್ಮಿದರು. ಅವನ ಕೈಯಲ್ಲಿದ್ದ ಲೆನ್ಸ್ ಜಾರಿ ಬಿತ್ತು.

"ಅತ್ತೆ, ಅದು... ಅದು ಯಾರಿಗೂ ಕಾಣೋ ಹಾಗಿಲ್ಲ."

"ನಂಗೆ ಚೆನ್ನಾಗೇ ಕಾಣ್ತಿದೆ. ಇದೇ ಲೆನ್ಸ್ ಹಾಕಿ. ಆ ಪುಸ್ತಕ ಎಲ್ಲಿದೆ, ಇಲ್ಲೋ ಮನೇಲೋ?"

ಕೌಂಟರಿನ ಕೆಳಗಿತ್ತು. ಅತ್ತೆ ಅದನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಅವತ್ತಿನ ಊಟದಲ್ಲಿ ಹೆಂಡತಿಯ ಬದಲು ಪಾತ್ರೆಗಳೇ ಮಾತಾಡಿದವು.

ಮುಂದಿನ ಭಾನುವಾರ ಅತ್ತೆಮನೆಗೆ ಹೋದಾಗ ಅವರ ಫೋನಿನಲ್ಲೂ ಅದೇ ಆ್ಯಪ್. ಮಗನಿಂದ ಹಾಕಿಸಿಕೊಂಡಿದ್ದರು. ಹೊಸ ಕನ್ನಡಕ ಏರಿಸಿ ಸೋಫಾದಲ್ಲಿ ಓದುತ್ತಿದ್ದರು. ಪುಸ್ತಕಕ್ಕೆ ಹಳೇ ಪತ್ರಿಕೆಯ ಹೊದಿಕೆ. ಆಗಾಗ ಅಳಿಯನತ್ತ ನೋಡುವರು, ಫೋನಿನಲ್ಲಿ ಏನೋ ಬರೆಯುವರು, ಕಿಸಕ್ಕನೆ ನಗುವರು.

ಅವನು ಬಾಮೈದನನ್ನು ಅಡುಗೆಮನೆಗೆ ಎಳೆದುಕೊಂಡು ಹೋದ. "ಏನು ಬರೀತಿದಾರೋ? ಸ್ವಲ್ಪ ನೋಡಿ ಹೇಳೋ."

"ಫೋನಿಗೆ ಬೀಗ ಹಾಕಿದಾರೆ ಭಾವ. ನಾನು ಕೇಳಿದ್ದಕ್ಕೆ ನಂಗೂ ಬೈದ್ರು."

ಹೊರಗೆ ಬಂದು ಅತ್ತೆಯ ಎದುರು ಕೈಕಟ್ಟಿ ನಿಂತ. "ಅತ್ತೆ, ಕನ್ನಡಕ ಸರಿಯಾಗಿ ಕೂತಿದೆಯಾ?"

"ಹೂಂ," ಎಂದು ಅವರು ಪುಟ ತಿರುವಿದರು.