ನೆರಳಲ್ಲಿ ಒಣಗಬೇಕಾದ ಪಾಚಿ

ಹುಳಿತ ಗಂಜಿಯ ವಾಸನೆ ಬಂದರೆ ನನಗೆ ಈಗಲೂ ಅಪ್ಪನ ನೆನಪಾಗುತ್ತದೆ. ನಮ್ಮದು ಕೊಯಮತ್ತೂರಿನ ನೇಕಾರರ ಬೀದಿ. ಹಾಸಿನ ನೂಲನ್ನು ಗಂಜಿಯಲ್ಲಿ ನೆನೆಸಿ, ಬೆಳಗಿನ ಜಾವ ಬೀದಿಯುದ್ದಕ್ಕೂ ಬಿಗಿದು, ಎಳೆ ಬಿಡಿಸಿ ಒಣಗಿಸುತ್ತೇವೆ. ಅದಕ್ಕೆ ಪಾವು ಎನ್ನುತ್ತೇವೆ. ಒಬ್ಬರ ಪಾವಿಗೆ ಇಡೀ ಬೀದಿ ಕೈ ಹಾಕಬೇಕು. ಆ ಗಂಜಿಯ ವಾಸನೆ ನನ್ನ ಬಟ್ಟೆಯಲ್ಲೂ ಇರುತ್ತಿತ್ತು. ಕಾಲೇಜಿನಲ್ಲಿ ಹುಡುಗಿಯರು ಬೆಂಚಿನ ತುದಿಗೆ ಸರಿದು ಕೂರುತ್ತಿದ್ದರು. ಶಿವಗಾಮಿ ಎಂಬುವಳು ಮಾತ್ರ ಸರಿಯಲಿಲ್ಲ. ಅವಳನ್ನು ನಾನು ಮರೆತಿಲ್ಲ.

ಎಂಬತ್ತನಾಲ್ಕನೇ ಇಸವಿಯಲ್ಲಿ ನನ್ನ ತಮ್ಮ ಸೆಲ್ಲಪ್ಪನ ಮಗಳು ವಿಜಯಕುಮಾರಿ ಮಂಡಪಂ ಕಡಲತೀರದಿಂದ ಎರಡು ಮೂಟೆ ಕಡಲ ಪಾಚಿ ತಂದಳು; ಅದು ಮೀನಿನಂತೆ ನಾರುತ್ತಿತ್ತು. ಗಾಯವನ್ನು ಕೀವಾಗಿಸುವ ಸೂಕ್ಷ್ಮಾಣುಗಳನ್ನು ತಡೆಯುವ ಅಂಶ ಆ ಪಾಚಿಯಲ್ಲಿದೆಯೇ ಎಂಬುದು ಅವಳ ಸಂಶೋಧನೆ. ಬಿಸಿಲು ತಾಗಿದರೆ ಆ ಅಂಶ ಕೆಡುತ್ತದೆ, ನೆರಳಲ್ಲೇ ಒಣಗಬೇಕು. ಅವಳ ಕಾಲೇಜಿನ ಮಹಡಿಯಲ್ಲಿ ಚಪ್ಪರವಿತ್ತು. ಆದರೆ ಅವಳ ವಿಭಾಗದ ಮುಖ್ಯಸ್ಥರು, ಮೀನು ಮಾರಬೇಕಿದ್ದರೆ ಉಕ್ಕಡದ ಮೀನು ಸಂತೆಗೆ ಹೋಗು ಎಂದು ಜವಾನನ ಎದುರಿಗೇ ಹೇಳಿ ಮಹಡಿಗೆ ಬೀಗ ಹಾಕಿಸಿದರು. ಅಷ್ಟು ಓದಿದ ಮನುಷ್ಯ!

ನಾನು ನಮ್ಮ ಮಗ್ಗದ ಕೋಣೆಯಲ್ಲಿ ಹಳೆಯ ಸೀರೆಗಳನ್ನು ಹಾಸಿಕೊಟ್ಟೆ. ಅವಳು ಪಾಚಿ ಹರವಿದಳು. ಆಗ ಬೀದಿಯಲ್ಲಿ ನಮ್ಮ ದೇವತೆ ಅಮ್ಮನ ಹಬ್ಬಕ್ಕೆ ಕಾಪು, ಅಂದರೆ ವ್ರತದ ಅರಿಶಿನ ದಾರ, ಕಟ್ಟಿ ಆಗಿತ್ತು. ಕಾಪು ಕಟ್ಟಿದ ಮೇಲೆ ಮೀನು, ಮಾಂಸ ಬೀದಿಯೊಳಗೆ ಬರುವಂತಿಲ್ಲ. ಸಂಜೆ ಬೀದಿಯ ಹಿರಿಯ ನಂಜಪ್ಪನ್ ನಾಲ್ಕು ಜನರೊಂದಿಗೆ ಬಂದು ಬಾಗಿಲಲ್ಲಿ ನಿಂತ.

"ಇದು ಮೀನಲ್ಲ ಮಾಮಾ, ಗಿಡ. ಕೀರೆ ಸೊಪ್ಪು ಇದ್ದಂಗೆ," ಎಂದಳು ವಿಜಯಕುಮಾರಿ.

"ಕೀರೆಯಾದ್ರೆ ಕೊಳಂಬು ಸಾರು ಇಟ್ಟು ಉಣ್ಣು, ನೋಡಾಣ," ಎಂದ ನಂಜಪ್ಪನ್. ಹಿಂದಿದ್ದವರು ನಕ್ಕರು. ಅವನು ನನ್ನ ಕಡೆ ತಿರುಗಿದ. "ಅಕ್ಕಾ, ಇದ ಎಸ್ದುಬಿಡಿ. ಇಲ್ಲಾಂದ್ರೆ ನಾಳೆ ನಿಮ್ಮ ಪಾವಿಗೆ ಯಾರೂ ಕೈ ಹಾಕಲ್ಲ."

ಸೆಲ್ಲಪ್ಪನ್ ಆಗಲೇ ನೂಲನ್ನು ಗಂಜಿಯಲ್ಲಿ ನೆನೆಸಿಬಿಟ್ಟಿದ್ದ. ಬೆಳಿಗ್ಗೆ ಬಿಗಿಯದಿದ್ದರೆ ಅದು ಅಲ್ಲೇ ಕೊಳೆಯುತ್ತದೆ. ಅವನು ಮಗಳ ಮುಖ ನೋಡಲಾರದೆ ನೆಲ ನೋಡುತ್ತಿದ್ದ. ಈ ಪಾಚಿ ಹೋದರೆ ಮತ್ತೆ ಸಿಗುವುದು ಮುಂದಿನ ವರ್ಷ ಅದೇ ಕಾಲದಲ್ಲಿ. ಅಷ್ಟರಲ್ಲಿ ಸಂಶೋಧನೆಯಲ್ಲಿ ಅವಳ ಜಾಗ ಬೇರೆಯವರಿಗೆ ಹೋಗಿರುತ್ತಿತ್ತು. ಅವಳು ಪಾಚಿ ಹರವಿದ ಸೀರೆಯ ಅಂಚು ಮಡಚತೊಡಗಿದಳು. ಅದನ್ನು ನೋಡಿ ನನ್ನ ಮೈ ಉರಿಯಿತು.

"ಬಿಡೇ ಅದನ್ನ," ಎಂದೆ. "ನಂಜಪ್ಪಾ, ನಮ್ಮ ಗಂಜಿ ನಾತ ಅಂತ ಮೂಗು ಮುಚ್ಕೊಂಡೋರ ಜೊತೆ ನಾನು ಓದ್ದೆ. ಇವಳನ್ನ ಓಡಿಸ್ದೋರೂ ಅಂತೋರೇ. ಹೋಗು, ನೀನೂ ಅವರ ಸಾಲಲ್ಲೇ ನಿಂತ್ಕೋ. ಪಾಚಿ ಇಲ್ಲೇ ಇರ್ತದೆ."

ಅವರು ಹೋದರು. ನಷ್ಟವಾಗುವುದು ತಮ್ಮನ ನೂಲು, ಮಾತಾಡಿದ್ದು ನಾನು. ಅವನು ನನ್ನನ್ನು ಬಯ್ಯಲಿಲ್ಲ. "ಸರಿ, ನಾವು ಮೂರು ಜನವೇ ಎಳೆಯಾಣ," ಎಂದಷ್ಟೇ ಹೇಳಿ, ಮಗಳು ಮಡಚಿದ ಅಂಚನ್ನು ಬಿಡಿಸಿ ಹಾಸಿದ.

ಬೆಳಗಿನ ಜಾವ ಮೂವರೂ ಪಾವು ಬಿಗಿದೆವು. ಇಕ್ಕೆಲದ ಬಾಗಿಲುಗಳು ಅರ್ಧ ತೆರೆದಿದ್ದವು, ಒಬ್ಬರೂ ಹೊರಗೆ ಬರಲಿಲ್ಲ. ಆ ಒಂದೊಂದು ಮನೆಯ ಪಾವಿಗೂ ಚಿಕ್ಕಂದಿನಿಂದ ಕೈ ಹಾಕಿದವಳು ನಾನು. ಬಿಸಿಲು ಏರಿತು. ನಾವು ಈ ತುದಿಯಲ್ಲಿ ಎಳೆ ಬಿಡಿಸುತ್ತಿದ್ದಂತೆ ಆ ತುದಿಯಲ್ಲಿ ಗಂಜಿ ಗಟ್ಟಿಯಾಗಿ ಎಳೆಗಳು ಅಂಟಿಕೊಂಡವು. ಬಿಡಿಸಹೋದರೆ ಪಟಪಟನೆ ತುಂಡಾದವು. ಅರ್ಧಕ್ಕರ್ಧ ಹಾಸು ಹಾಳಾಯಿತು. ನಂಜಪ್ಪನ್ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಗಿಡ ಯಾವುದು, ಮೀನು ಯಾವುದು ಎಂದು ಅವನಿಗೆ ಗೊತ್ತಾಗಲಿಲ್ಲವೆಂದೇ ಇಟ್ಟುಕೊಳ್ಳೋಣ; ಕಾಲೇಜಿನ ಆ ದೊಡ್ಡ ಮನುಷ್ಯರಿಗೆ ಗೊತ್ತಿರಲಿಲ್ಲವೇ? ಇಬ್ಬರ ಮೇಲಿನ ಸಿಟ್ಟೂ ನನಗೆ ಇನ್ನೂ ಇಳಿದಿಲ್ಲ.

ಮಧ್ಯಾಹ್ನ ತಮ್ಮ ತುಂಡು ನೂಲು ಆಯುತ್ತಾ ಹೊರಗೆ ಕೂತಿದ್ದ. ವಿಜಯಕುಮಾರಿ ಒಳಗೆ ಪಾಚಿ ಮಗುಚುತ್ತಿದ್ದಳು. ಹಬ್ಬದಲ್ಲಿ ಅಮ್ಮನಿಗೆ ಇಟ್ಟ ಪೊಂಗಲ್ ಪ್ರಸಾದವಾಗಿ ಎಲ್ಲ ಮನೆಗೂ ಹೋಗುತ್ತದೆ. ಆ ದಿನ ಅದು ನಮ್ಮ ಬಾಗಿಲು ದಾಟಿ ಮುಂದೆ ಹೋಗಿತ್ತು.

ಹಿತ್ತಲ ಬಾಗಿಲು ಮೆಲ್ಲಗೆ ಸರಿಯಿತು. ಬಂದವಳು ಕಾಮಾಕ್ಷಿಯಮ್ಮ, ನಂಜಪ್ಪನ ಹೆಂಡತಿ. ಸೆರಗನ್ನು ಮೂಗಿಗೆ ಒತ್ತಿಕೊಳ್ಳಲಿಲ್ಲ. ಹರವಿದ ಪಾಚಿಯನ್ನು ತುಳಿಯದಂತೆ ಸೀರೆ ಎತ್ತಿ ಹಿಡಿದು ನಡೆದು, ಬಾಳೆ ಎಲೆ ಮುಚ್ಚಿದ ಪೊಂಗಲಿನ ಬಿಸಿ ಪಾತ್ರೆಯನ್ನು ವಿಜಯಕುಮಾರಿಯ ಕೈಯಲ್ಲಿಟ್ಟಳು.